‘ಥ್ರೀ ಮೆನ್ ಇನ್ ಎ ಬೋಟ್’ ಇವತ್ತಿಗೂ ಯಾಕೆ ನಗಿಸುತ್ತದೆ? ಓದಿದವರು ಬನ್ನಿ, ಮಾತಾಡೋಣ

ಸಂಜೆಓದು

ಜೆರೋಮ್ ಕೆ. ಜೆರೋಮ್ ಬರೆದ ಈ ಪುಸ್ತಕ ಬಂದದ್ದು 1889ರಲ್ಲಿ. ಮೂವರು ಗೆಳೆಯರು (ಕಥೆ ಹೇಳುವ ನಿರೂಪಕ, ಜಾರ್ಜ್, ಹ್ಯಾರಿಸ್), ಒಂದು ನಾಯಿ, ಬಾಡಿಗೆಗೆ ತಂದ ಒಂದು ದೋಣಿ. ಲಂಡನ್ ಹತ್ತಿರದ ಕಿಂಗ್‌ಸ್ಟನ್‌ನಿಂದ ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್‌ವರೆಗೆ ಹೋಗಿ ಬರಬೇಕು. ಎರಡು ವಾರದ ರಜೆ. ಕಥೆ ಅಂತ ಇರುವುದು ಇಷ್ಟೇ. ಬಿರುಗಾಳಿ ಇಲ್ಲ, ಕಳ್ಳಕಾಕರಿಲ್ಲ, ದಾರಿಗೆ ಅಡ್ಡ ಬರುವ ಶತ್ರುವಿಲ್ಲ. ಆದರೂ ಒಮ್ಮೆ ಓದಿದವರು ಇದನ್ನು ಕೈಬಿಡುವುದಿಲ್ಲ. ಯಾಕಿರಬಹುದು?

ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕದಲ್ಲಿ ಯಾರಿಗೂ ತನ್ನ ಮೇಲೆ ಅನುಮಾನವೇ ಇಲ್ಲ. ಮೂವರಲ್ಲಿ ಪ್ರತಿಯೊಬ್ಬನಿಗೂ ತಾನೊಬ್ಬನೇ ಬುದ್ಧಿವಂತ, ಕೆಲಸವೆಲ್ಲ ತನ್ನ ತಲೆಗೇ ಕಟ್ಟಿದ್ದಾರೆ, ಉಳಿದಿಬ್ಬರೂ ಶುದ್ಧ ಸೋಮಾರಿಗಳು. ನಗು ಬರುವುದು ಆ ಗಟ್ಟಿ ನಂಬಿಕೆಯಿಂದ.

ಮೂರನೇ ಅಧ್ಯಾಯದಲ್ಲಿ ನಿರೂಪಕ ನೆನೆಯುವ ಅಂಕಲ್ ಪೊಡ್ಜರ್ ನೋಡಿ. ಗೋಡೆಗೆ ಒಂದು ಚಿತ್ರ ನೇತುಹಾಕಬೇಕು. ‘ಅದನ್ನು ನನಗೆ ಬಿಡಿ, ಯಾರೂ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಕೋಟು ಬಿಚ್ಚುತ್ತಾರೆ. ಮೊಳೆ ತರಲು ಕೆಲಸದ ಹುಡುಗಿ ಓಡುತ್ತಾಳೆ. ಎಷ್ಟು ದೊಡ್ಡ ಮೊಳೆ ಅಂತ ಹೇಳಲು ಅವಳ ಹಿಂದೆ ಒಬ್ಬ ಹುಡುಗ ಓಡುತ್ತಾನೆ. ಒಬ್ಬ ಸುತ್ತಿಗೆ ತರಬೇಕು, ಇನ್ನೊಬ್ಬ ಅಳತೆಪಟ್ಟಿ, ಒಬ್ಬಳು ದೀಪ ಹಿಡಿದು ನಿಲ್ಲಬೇಕು. ಅಷ್ಟರಲ್ಲಿ ಚಿತ್ರ ಕೈಜಾರಿ ಗಾಜು ಒಡೆಯುತ್ತದೆ, ಬೆರಳು ಕುಯ್ಯುತ್ತದೆ. ಕರವಸ್ತ್ರ ಕೋಟಿನ ಜೇಬಿನಲ್ಲಿದೆ, ಕೋಟು ಎಲ್ಲಿ? ಮನೆಮಂದಿಯೆಲ್ಲ ಚಿತ್ರದ ಕೆಲಸ ಬಿಟ್ಟು ಕೋಟು ಹುಡುಕುತ್ತಾರೆ. ‘ಆರು ಜನ ಇದ್ದೀರಿ, ಒಂದು ಕೋಟು ಹುಡುಕಲು ಆಗುವುದಿಲ್ಲವಾ?’ ಎಂದು ರೇಗಿಕೊಂಡು ಏಳುತ್ತಾರೆ. ನೋಡಿದರೆ ಅದರ ಮೇಲೇ ಕೂತಿದ್ದರು. ಆಗ ಅವರು ಹೇಳುವ ಮಾತು: ‘ಬಿಡಿ, ನಾನೇ ಹುಡುಕಿಕೊಂಡೆ.’

ನಡುರಾತ್ರಿಯ ಹೊತ್ತಿಗೆ ಚಿತ್ರ ಗೋಡೆಗೆ ಏರುತ್ತದೆ. ಸೊಟ್ಟಗೆ. ಸುತ್ತಲಿನ ಗೋಡೆ ಕಿತ್ತುಹೋಗಿದೆ, ಮನೆಯವರೆಲ್ಲ ಸುಸ್ತಾಗಿ ಸತ್ತಿದ್ದಾರೆ. ಪೊಡ್ಜರ್ ಮಾತ್ರ ಹೆಮ್ಮೆಯಿಂದ ಕುರ್ಚಿ ಇಳಿಯುತ್ತಾರೆ, ಅದೂ ಕೆಲಸದಾಕೆಯ ಕಾಲಿನ ಮೇಲೆ. ‘ಇಷ್ಟು ಸಣ್ಣ ಕೆಲಸಕ್ಕೂ ಕೆಲವರು ಆಳು ಕರೆಸುತ್ತಾರಂತೆ!’

ಇವರು ಕೆಟ್ಟವರಲ್ಲ. ಮನೆಯವರಿಗೆ ಉಪಕಾರ ಮಾಡಲು ಹೊರಟವರು. ಅದಕ್ಕೇ ಈ ಪುಟಗಳಲ್ಲಿ ಸಿಟ್ಟಿಗಿಂತ ಪ್ರೀತಿ ಜಾಸ್ತಿ. ನಿಮಗೆ ಯಾವ ಭಾಗ ಇಷ್ಟ, ಯಾವುದು ಇಷ್ಟವಿಲ್ಲ, ಎರಡನ್ನೂ ಬರೆಯಿರಿ.

ಹಾಳೆಗುರುತು

ಒಂದು ಪ್ರಶ್ನೆ. ನಾನು ಈಗಷ್ಟೇ ಶುರು ಮಾಡಿದ್ದೇನೆ. ನಾಲ್ಕು ಅಧ್ಯಾಯ ಆದರೂ ದೋಣಿ ನೀರಿಗೇ ಇಳಿದಿಲ್ಲ! ಕಾಯಿಲೆಯ ಮಾತು, ಬಟ್ಟೆಬರೆ ತುಂಬುವುದು, ಯಾರದೋ ಚೀಸ್ ಕಥೆ. ಪ್ರವಾಸದ ಪುಸ್ತಕ ಅಂದುಕೊಂಡು ಕೂತವರಿಗೆ ಇದು ಸ್ವಲ್ಪ ವಿಚಿತ್ರ ಅಲ್ವಾ? ಪ್ರಯಾಣ ಯಾವಾಗ ಶುರುವಾಗುತ್ತದೆ?

ನದಿದಂಡೆ

ಆರನೇ ಅಧ್ಯಾಯದಲ್ಲಿ. ಆದರೆ ಐದನೆಯದನ್ನು ಹಾರಿಸಬೇಡಿ. ಅದರಲ್ಲಿ ವಾಟರ್ಲೂ ರೈಲು ನಿಲ್ದಾಣ ಇದೆ. ಕಿಂಗ್‌ಸ್ಟನ್‌ಗೆ ಹೋಗುವ ರೈಲು ಯಾವ ಪ್ಲಾಟ್‌ಫಾರ್ಮ್‌ನಿಂದ ಹೊರಡುತ್ತದೆ ಎಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಪೋರ್ಟರ್ ಒಂದು ಹೇಳುತ್ತಾನೆ, ಸ್ಟೇಷನ್ ಮಾಸ್ಟರ್ ಇನ್ನೊಂದು ಹೇಳುತ್ತಾರೆ. ಕೊನೆಗೆ ಇವರು ಒಬ್ಬ ಎಂಜಿನ್ ಡ್ರೈವರ್ ಕೈಗೆ ಅರ್ಧ ಕ್ರೌನ್ ನಾಣ್ಯ ಇಟ್ಟು, ‘ನಿನ್ನ ರೈಲನ್ನೇ ಕಿಂಗ್‌ಸ್ಟನ್ ರೈಲು ಮಾಡಿಬಿಡು ಮಾರಾಯ’ ಎನ್ನುತ್ತಾರೆ. ಅವನು ಒಪ್ಪಿ ಕರೆದುಕೊಂಡು ಹೋಗುತ್ತಾನೆ.

ನಿಮ್ಮ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಜೆರೋಮ್ ಬರೆಯಲು ಹೊರಟದ್ದು ನಗೆ ಪುಸ್ತಕವನ್ನೇ ಅಲ್ಲ. ಥೇಮ್ಸ್ ನದಿಯ ನೋಟ, ಇತಿಹಾಸ, ದಂಡೆಯ ಊರುಗಳು, ಇವನ್ನೆಲ್ಲ ಹೇಳುವ ಗಂಭೀರ ಪುಸ್ತಕ ಅವರ ಮನಸ್ಸಿನಲ್ಲಿತ್ತು. ನಡುವೆ ಓದುಗರಿಗೆ ಬೇಸರ ಆಗದಿರಲಿ ಅಂತ ಒಂದಿಷ್ಟು ತಮಾಷೆ. 1888ರ ಜೂನ್‌ನಲ್ಲಿ ಅವರ ಮದುವೆಯಾಯಿತು. ಮಧುಚಂದ್ರಕ್ಕೆ ಹೋದದ್ದೂ ಥೇಮ್ಸ್ ನದಿಗೇ. ವಾಪಸ್ ಬಂದು ಬರೆಯಲು ಕೂತರೆ ತಮಾಷೆಯ ಭಾಗವೇ ಕೈಯಿಂದ ಸಲೀಸಾಗಿ ಇಳಿಯಿತು. ‘ಹೋಮ್ ಚೈಮ್ಸ್’ ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ಸಂಪಾದಕ ಎಫ್. ಡಬ್ಲ್ಯೂ. ರಾಬಿನ್ಸನ್ ಇತಿಹಾಸದ ಭಾಗದಲ್ಲಿ ಹೆಚ್ಚಿನದಕ್ಕೆ ಕತ್ತರಿ ಹಾಕಿದರು. ಹಾಗೆ ಉಳಿದದ್ದು ಈ 19 ಅಧ್ಯಾಯ.

ಅಂದರೆ ನದಿ ಇಲ್ಲಿ ಒಂದು ದಾರ ಅಷ್ಟೇ. ಒಂದು ಊರು ಬಂದಾಗ ಒಂದು ನೆನಪು, ಆ ನೆನಪಿನಿಂದ ಇನ್ನೊಂದು. ಹಗ್ಗ ನೋಡಿದರೆ ಹಗ್ಗದ ಕಥೆ, ಮೀನು ನೋಡಿದರೆ ಮೀನಿನ ಕಥೆ. ಕಟ್ಟೆ ಮೇಲೆ ಕೂತು ಹರಟುವವರು ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವ ಹಾಗೆ. ‘ಎಲ್ಲಿಗೆ ಬಂತು’ ಎಂದು ಕೇಳದೆ ಓದಿ, ಆಗ ಹಿಡಿಸುತ್ತದೆ.

ಮೂಲೆಕುರ್ಚಿ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಮಾಷೆಯ ಭಾಗ ನನಗೂ ಪ್ರಾಣ. ಆದರೆ ಮಧ್ಯೆ ಮಧ್ಯೆ ಬರುವ ಆ ವರ್ಣನೆಗಳು ಇವೆಯಲ್ಲ, ನಕ್ಷತ್ರ, ಸಂಜೆಗೆಂಪು, ರಾತ್ರಿಯೆಂಬ ತಾಯಿ, ಅವು ಇವತ್ತು ಓದಲು ಭಾರ. ಹನ್ನೊಂದನೇ ಅಧ್ಯಾಯದಲ್ಲಿ ರನ್ನಿಮೀಡ್ ಬರುತ್ತದೆ. 1215ರಲ್ಲಿ ಜಾನ್ ದೊರೆ ತನ್ನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಒಪ್ಪಿಗೆ ಕೊಟ್ಟ ಜಾಗ. ಅಲ್ಲಿ ಜೆರೋಮ್ ಪೂರಾ ಗಂಭೀರವಾಗಿ ಆ ಬೆಳಗ್ಗೆಯನ್ನು ಕಟ್ಟಿಕೊಡಲು ಹೋಗುತ್ತಾರೆ. ಕುದುರೆ, ಸೈನಿಕರು, ಜನಜಂಗುಳಿ. ನಾನಂತೂ ಆ ಪುಟಗಳನ್ನು ಹಾರಿಸುತ್ತೇನೆ. ಸಂಪಾದಕರು ಇನ್ನೂ ಸ್ವಲ್ಪ ಕತ್ತರಿಸಿದ್ದರೂ ನಷ್ಟವಿರಲಿಲ್ಲ.

ಸಂಜೆಓದು

ರನ್ನಿಮೀಡ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದು ಬೇರೆ ಯಾವುದೋ ಪುಸ್ತಕದಿಂದ ಬಂದು ಸೇರಿಕೊಂಡ ಹಾಗಿದೆ. ಆದರೆ ಎಲ್ಲ ವರ್ಣನೆಗೂ ಆ ಮಾತು ಸಲ್ಲುವುದಿಲ್ಲ.

ಎರಡನೇ ಅಧ್ಯಾಯ ತೆಗೆಯಿರಿ. ರಾತ್ರಿ ದಡದಲ್ಲಿ ಡೇರೆ ಹಾಕುವುದೋ, ಹೋಟೆಲಿನಲ್ಲಿ ಮಲಗುವುದೋ ಎಂಬ ಮಾತು ನಡೆಯುತ್ತದೆ. ನಿರೂಪಕ ಸೂರ್ಯ ಮುಳುಗುವುದರಿಂದ ಶುರು ಮಾಡುತ್ತಾನೆ. ಹಕ್ಕಿಗಳ ದನಿ ಅಡಗುತ್ತದೆ, ಕತ್ತಲು ಇಳಿಯುತ್ತದೆ, ನದಿ ತನ್ನ ಹಳೆಯ ಹಾಡು ಹಾಡುತ್ತದೆ, ಚಂದ್ರ ಬಾಗಿ ಅದಕ್ಕೆ ಮುತ್ತಿಡುತ್ತಾನೆ. ನಾವೂ ನಿಧಾನಕ್ಕೆ ಆ ಕನಸಿನೊಳಗೆ ಹೋಗಿಬಿಟ್ಟಿರುತ್ತೇವೆ. ಆಗ ಹ್ಯಾರಿಸ್ ಕೇಳುತ್ತಾನೆ: ‘ಮಳೆ ಬಂದರೆ?’

ಆ ಎರಡು ಪದ ಅಷ್ಟು ಜೋರಾಗಿ ಬೀಳಬೇಕಾದರೆ ಮುಂಚೆ ಅಷ್ಟು ಎತ್ತರಕ್ಕೆ ಏರಿರಬೇಕು. ಅದಾದ ಮೇಲೆ ಒದ್ದೆ ಡೇರೆ ಕಟ್ಟುವ ಕಥೆ ಬರುತ್ತದೆ. ಒಬ್ಬ ತನ್ನ ಕಡೆ ಎಳೆಯುತ್ತಾನೆ, ಇನ್ನೊಬ್ಬ ತನ್ನ ಕಡೆ. ಊಟಕ್ಕೆ ಮುಖ್ಯ ಪದಾರ್ಥ ಮಳೆನೀರು. ಬ್ರೆಡ್ಡಿನಲ್ಲೂ ಅದೇ, ಜಾಮ್‌ನಲ್ಲೂ ಅದೇ.

ಇನ್ನೊಂದು ವಿಷಯ. ಜೆರೋಮ್ ಆ ವರ್ಣನೆಗಳನ್ನು ಸುಮ್ನೆ ಅಣಕಕ್ಕೆ ಬರೆದದ್ದಲ್ಲ. ಅವರಿಗೆ ಆ ನದಿ ನಿಜವಾಗಿಯೂ ಇಷ್ಟ. ನದಿಯ ಚೆಲುವೂ ನಿಜ, ಒದ್ದೆ ಡೇರೆಯೂ ನಿಜ. ಎರಡನ್ನೂ ಒಂದೇ ಮನುಷ್ಯ ಹೇಳುತ್ತಿದ್ದಾನೆ ಎಂಬುದೇ ನನಗೆ ಹತ್ತಿರದ್ದು.

ಮಳೆಹನಿ

ಡಬ್ಬಿಯ ಅನಾನಸ್ ಬಗ್ಗೆ ಯಾರೂ ಹೇಳಲಿಲ್ಲ! ಹನ್ನೆರಡನೇ ಅಧ್ಯಾಯ. ತಣ್ಣನೆ ಮಾಂಸಕ್ಕೆ ಸಾಸಿವೆ ಇಲ್ಲ ಎಂದು ಮೂವರೂ ಸಪ್ಪೆಯಾಗಿ ಕೂತಿದ್ದಾರೆ. ಜಾರ್ಜ್ ಬುಟ್ಟಿಯ ತಳದಿಂದ ಅನಾನಸ್ ಡಬ್ಬಿ ತೆಗೆಯುತ್ತಾನೆ. ಮುಖಗಳು ಅರಳುತ್ತವೆ. ಡಬ್ಬಿ ತೆರೆಯುವ ಸಾಧನ ಮಾತ್ರ ತಂದಿಲ್ಲ.

ಹ್ಯಾರಿಸ್ ಜೇಬಿನ ಚಾಕುವಿನಿಂದ ಯತ್ನಿಸುತ್ತಾನೆ. ಚಾಕು ಮುರಿಯುತ್ತದೆ, ಕೈ ಕುಯ್ಯುತ್ತದೆ. ಜಾರ್ಜ್ ಕತ್ತರಿ ಹಿಡಿಯುತ್ತಾನೆ. ಅದು ಹಾರಿ ಅವನ ಕಣ್ಣಿಗೇ ಬೀಳಬೇಕಿತ್ತು, ತಪ್ಪಿತು. ನಿರೂಪಕ ದೋಣಿಯ ಕೊಕ್ಕೆಗೋಲಿನ ಚೂಪಿನಿಂದ ಚುಚ್ಚಲು ಹೋಗಿ ಕೆಸರುನೀರಿಗೆ ಬೀಳುತ್ತಾನೆ. ಡಬ್ಬಿಗೆ ಒಂದು ಗೀರೂ ಇಲ್ಲ, ಅದು ಉರುಳಿ ಒಂದು ಕಪ್ಪು ಒಡೆಯುತ್ತದೆ. ಆಮೇಲೆ ಮೂವರೂ ಸೇರಿ ದಡಕ್ಕೆ ಒಯ್ಯುತ್ತಾರೆ. ಜಾರ್ಜ್ ಡಬ್ಬಿ ಹಿಡಿಯುತ್ತಾನೆ, ಹ್ಯಾರಿಸ್ ಅದರ ಮೇಲೆ ಚೂಪುಗಲ್ಲು ಇಡುತ್ತಾನೆ, ನಿರೂಪಕ ಹಾಯಿಕಂಬವನ್ನೇ ಎತ್ತಿ ಬಾರಿಸುತ್ತಾನೆ. ಆ ದಿನ ಜಾರ್ಜ್‌ನ ಜೀವ ಉಳಿಸಿದ್ದು ಅವನ ಹುಲ್ಲಿನ ಟೋಪಿ.

ಡಬ್ಬಿ ಚಪ್ಪಟೆಯಾಗುತ್ತದೆ, ಚೌಕವಾಗುತ್ತದೆ, ರೇಖಾಗಣಿತದಲ್ಲಿರುವ ಎಲ್ಲ ಆಕಾರಕ್ಕೂ ಬರುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ. ಕೊನೆಗೆ ಅದರ ಮೇಲಿನ ಒಂದು ತಗ್ಗು ಇವರನ್ನು ನೋಡಿ ಹಲ್ಲುಕಿರಿದಂತೆ ಕಾಣುತ್ತದೆ. ಹ್ಯಾರಿಸ್ ಅದನ್ನು ಎತ್ತಿ ನದಿಯ ನಡುವಿಗೆ ಎಸೆಯುತ್ತಾನೆ. ಎಲ್ಲರೂ ಶಾಪ ಹಾಕುತ್ತಾ ದೋಣಿ ಹತ್ತಿ ಮೇಡನ್‌ಹೆಡ್ ಬರುವವರೆಗೂ ನಿಲ್ಲಿಸದೆ ಹುಟ್ಟು ಹಾಕುತ್ತಾರೆ.

ನನಗೆ ಇದರಲ್ಲಿ ಇಷ್ಟವಾಗುವುದು ಹೆಜ್ಜೆ ಏರುವ ರೀತಿ. ಚಾಕು, ಕತ್ತರಿ, ಕೊಕ್ಕೆ, ಕಲ್ಲು, ಕಂಬ. ಪ್ರತಿ ಸಲವೂ ಆಯುಧ ದೊಡ್ಡದಾಗುತ್ತದೆ, ಬುದ್ಧಿ ಚಿಕ್ಕದಾಗುತ್ತದೆ. ಎಲ್ಲೂ ಒಂದು ವಾಕ್ಯ ಜಾಸ್ತಿ ಇಲ್ಲ.

ಬಾಲಬಡುಕ

ನಾಯಿಯನ್ನು ಮರೆಯಬೇಡಿ. ಮಾಂಟ್‌ಮೊರೆನ್ಸಿ ಒಂದು ಫಾಕ್ಸ್ ಟೆರಿಯರ್. ಮುಖ ನೋಡಿದರೆ ದೇವತೆ, ಬುದ್ಧಿ ಬೀದಿ ರೌಡಿಯದು. ಮಾರ್ಲೋ ಊರಿನ ಬೀದಿಯಲ್ಲಿ ಒಂದು ದೊಡ್ಡ ಕರಿಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬೆಕ್ಕು ಓಡುವುದಿಲ್ಲ. ನಿಂತು, ತಿರುಗಿ, ರಸ್ತೆ ನಡುವೆ ಕೂತು, ‘ಏನು ಬೇಕಾಗಿತ್ತು?’ ಎಂಬಂತೆ ನೋಡುತ್ತದೆ. ನಾಯಿಗೆ ಉತ್ತರ ತೋಚದೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಅಲ್ಲಿಂದ ಮುಂದೆ ಯಾರಾದರೂ ಬೆಕ್ಕು ಎಂದರೆ ಸಾಕು, ಮುದುಡಿಕೊಳ್ಳುತ್ತದೆ.

ಇವೆಲ್ಲ ನಡೆದದ್ದಾ? ಆ ಮೂವರು ನಿಜವಾಗಿ ಇದ್ದರಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ನದಿದಂಡೆ

ಮನುಷ್ಯರು ನಿಜ, ನಾಯಿ ಕಲ್ಪನೆ. ನಿರೂಪಕ ಜೆರೋಮ್ ಅವರೇ. ಜಾರ್ಜ್ ಎಂದರೆ ಅವರ ಗೆಳೆಯ ಜಾರ್ಜ್ ವಿಂಗ್ರೇವ್, ಬ್ಯಾಂಕಿನಲ್ಲಿ ಕೆಲಸ. ಹ್ಯಾರಿಸ್ ಎಂದರೆ ಕಾರ್ಲ್ ಹೆನ್‌ಶೆಲ್, ಮುದ್ರಣದ ಉದ್ಯಮಿ. ಮೂವರೂ ಸೇರಿ ಥೇಮ್ಸ್‌ನಲ್ಲಿ ದೋಣಿ ಸವಾರಿ ಮಾಡುತ್ತಿದ್ದದ್ದೂ ನಿಜ. ಆದರೆ ಪುಸ್ತಕದಲ್ಲಿರುವುದು ಯಾವುದೋ ಒಂದೇ ಪ್ರವಾಸದ ದಿನಚರಿಯಲ್ಲ. ಹಲವು ಸವಾರಿಗಳ ಅನುಭವ ಸೇರಿಸಿ ಹೆಣೆದದ್ದು.

ಪುಸ್ತಕದ ಜಾರ್ಜ್‌ನನ್ನು ಜೆರೋಮ್ ಪರಿಚಯಿಸುವುದು ಹೇಗೆ ಗೊತ್ತಾ? ದಿನವೂ ಹತ್ತರಿಂದ ನಾಲ್ಕರವರೆಗೆ ಬ್ಯಾಂಕಿನಲ್ಲಿ ಮಲಗಿ ನಿದ್ದೆ ಮಾಡುತ್ತಾನಂತೆ. ಶನಿವಾರ ಮಾತ್ರ ಎರಡು ಗಂಟೆಗೇ ಎಬ್ಬಿಸಿ ಹೊರಗೆ ಕಳಿಸುತ್ತಾರಂತೆ. ನಿಜವಾದ ವಿಂಗ್ರೇವ್ ಬ್ಯಾಂಕಿನಲ್ಲಿ ಮೇಲಿನ ಹುದ್ದೆಗೆ ಏರಿದವರು.

ಹಳೇಸೇತುವೆ

ನನಗೆ ಇಷ್ಟು ವರ್ಷವಾದರೂ ಒಗ್ಗದ ಒಂದು ಜಾಗ ಇದೆ. ಹದಿನಾರನೇ ಅಧ್ಯಾಯ, ಗೋರಿಂಗ್ ಹತ್ತಿರ. ನೀರಿನಲ್ಲಿ ಏನೋ ಕಪ್ಪಗೆ ತೇಲುವುದು ಕಾಣುತ್ತದೆ. ಜಾರ್ಜ್ ಬಾಗಿ ಹಿಡಿಯುತ್ತಾನೆ, ಕೂಗಿಕೊಂಡು ಬಿಳಿಚಿದ ಮುಖದಲ್ಲಿ ಹಿಂದೆ ಸರಿಯುತ್ತಾನೆ. ಒಬ್ಬ ಹೆಂಗಸಿನ ಹೆಣ. ಅವಳ ಕಥೆ ಇವರಿಗೆ ಆಮೇಲೆ ತಿಳಿಯುತ್ತದೆ. ನಂಬಿ ಮೋಸಹೋದವಳು. ಮನೆಯವರು, ಪರಿಚಯದವರು ಬಾಗಿಲು ಹಾಕಿಕೊಂಡರು. ವಾರವಿಡೀ ದುಡಿದರೆ 12 ಶಿಲಿಂಗ್. ಅದರಲ್ಲಿ 6 ಶಿಲಿಂಗ್ ಮಗುವನ್ನು ಸಾಕುವವರಿಗೆ. ಉಳಿದದ್ದರಲ್ಲಿ ಜೀವ ಹಿಡಿದುಕೊಳ್ಳಬೇಕು. ಆಗಲಿಲ್ಲ.

ನಗಿಸುವ ಪುಸ್ತಕದಲ್ಲಿ ಇದು ಬೇಕಿತ್ತಾ? ಮುಂದಿನ ಅಧ್ಯಾಯದಲ್ಲೇ ಇವರು ಬಟ್ಟೆ ಒಗೆಯುವ ತಮಾಷೆ ಬರುತ್ತದೆ. ನನಗೆ ಆ ಜಿಗಿತ ಸರಿ ಕಾಣುವುದಿಲ್ಲ.

ಸಂಜೆಓದು

ಜಿಗಿತ ದೊಡ್ಡದು, ನಿಜ. ಆದರೂ ಅದನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ.

ಜೆರೋಮ್ ಚಿಕ್ಕಂದಿನಲ್ಲೇ ಬಡತನ ಕಂಡವರು. ಹದಿಹರೆಯ ದಾಟುವ ಮುಂಚೆಯೇ ತಂದೆ ತಾಯಿ ಇಬ್ಬರೂ ಹೋದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ರೈಲ್ವೆ ಕಂಪನಿಗೆ ಸೇರಿದರು. ಆಮೇಲೆ ಸಣ್ಣ ನಾಟಕ ತಂಡಗಳಲ್ಲಿ ಅಲೆದಾಟ. 6 ಶಿಲಿಂಗ್ ಕೈಗೆ ಬಂದರೆ ಎಷ್ಟು, ಬರದಿದ್ದರೆ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು. ಆ ಪುಟದಲ್ಲಿ ಲೆಕ್ಕವನ್ನು ಅಷ್ಟು ಕರಾರುವಾಕ್ಕಾಗಿ ಬರೆದಿರುವುದು ಅದಕ್ಕೇ ಇರಬೇಕು. ಮೂವರು ಸುಖವಾಗಿ ತೇಲುವ ನೀರಿನಲ್ಲೇ ಅವಳೂ ತೇಲುತ್ತಿದ್ದಳು. ಅವರು ಆ ಹೆಣವನ್ನು ದಡದ ಜನಕ್ಕೆ ಒಪ್ಪಿಸಿ ಮುಂದೆ ಹೋಗುತ್ತಾರೆ. ಬೇರೆ ಏನು ಮಾಡಲು ಸಾಧ್ಯವಿತ್ತು? ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನನಗೆ ಈ ಲೇಖಕನ ಮೇಲೆ ಗೌರವ ಜಾಸ್ತಿ.

ಹಳೇಸೇತುವೆ

ಲೆಕ್ಕದ ಮಾತು ಸರಿಯಾಗಿ ಹೇಳಿದಿರಿ. ಅದನ್ನು ನಾನು ಗಮನಿಸಿರಲಿಲ್ಲ. ಆದರೂ ಅದು ಬಂದ ಜಾಗದ ಬಗ್ಗೆ ನನ್ನ ತಕರಾರು ಹಾಗೇ ಇರಲಿ.

ಮೂಲೆಕುರ್ಚಿ

ಈ ಬಡತನದ ಮಾತಿಗೆ ಒಂದು ಸೇರಿಸುತ್ತೇನೆ. ಪುಸ್ತಕ ಬಂದಾಗ ದೊಡ್ಡ ವಿಮರ್ಶಕರು ಮೂಗು ಮುರಿದರು. ಭಾಷೆ ಬೀದಿಯದು, ನಗು ಕೀಳುದರ್ಜೆಯದು ಅಂದರು. ‘ಪಂಚ್’ ಎಂಬ ಹಾಸ್ಯ ಪತ್ರಿಕೆ ಜೆರೋಮ್‌ಗೆ ‘ಆರಿ ಕೆ. ಆರಿ’ ಎಂದು ಅಡ್ಡಹೆಸರು ಇಟ್ಟಿತು. ‘ಹ್ಯಾರಿ’ ಎನ್ನುವಾಗ ‘ಹ’ಕಾರ ನುಂಗಿ ‘ಆರಿ’ ಎನ್ನುವ ಲಂಡನ್ನಿನ ಸಾಮಾನ್ಯ ಜನರನ್ನು ಹೀಗಳೆಯುವ ರೀತಿ ಅದು. ವಿಮರ್ಶಕರಿಗೆ ನಿಜಕ್ಕೂ ಚುಚ್ಚಿದ್ದು ನದಿಯಲ್ಲಿ ಗುಮಾಸ್ತರು ಕಾಣಿಸಿಕೊಂಡದ್ದು ಅನ್ನಿಸುತ್ತದೆ. ರೈಲು ಬಂದಮೇಲೆ ಥೇಮ್ಸ್ ದಂಡೆಯ ಊರುಗಳು ಕಚೇರಿ ಕೆಲಸದವರ ಕೈಗೂ ಎಟುಕಿದವು. ವಾರದ ಕೊನೆಗೆ ಟಿಕೆಟ್ ತಗೊಂಡು, ದೋಣಿ ಬಾಡಿಗೆಗೆ ಹಿಡಿದು ಹೊರಟುಬಿಡುತ್ತಿದ್ದರು. 1870ರ ಶಿಕ್ಷಣ ಕಾಯ್ದೆಯ ನಂತರ ಓದು ಕಲಿತ ಹೊಸ ಪೀಳಿಗೆಯೂ ಬೆಳೆದಿತ್ತು. ಅವರಿಗೆ ತಮ್ಮದೇ ಮಾತು, ತಮ್ಮದೇ ರಜೆ ಮೊದಲ ಸಲ ಪುಸ್ತಕದಲ್ಲಿ ಸಿಕ್ಕಿತು.

ಪ್ರಕಾಶಕರು ಬ್ರಿಸ್ಟಲ್‌ನ ಆರೋಸ್ಮಿತ್. ‘ನಾನು ಅಚ್ಚು ಹಾಕಿದ ಪ್ರತಿಗಳೆಲ್ಲ ಎಲ್ಲಿಗೆ ಹೋಗುತ್ತವೋ, ಜನ ತಿಂದುಬಿಡುತ್ತಾರೋ ಏನೋ’ ಅನ್ನುತ್ತಿದ್ದರಂತೆ. ಅಮೆರಿಕದಲ್ಲೂ ಸಿಕ್ಕಾಪಟ್ಟೆ ಮಾರಾಟವಾಯಿತು. ಆದರೆ ಆಗ ಅಲ್ಲಿ ಇಂಗ್ಲೆಂಡಿನ ಲೇಖಕರಿಗೆ ಹಕ್ಕುಸ್ವಾಮ್ಯದ ರಕ್ಷಣೆ ಇರಲಿಲ್ಲ, ಆ ಕಾನೂನು ಬಂದದ್ದು 1891ರಲ್ಲಿ. ಜೆರೋಮ್‌ಗೆ ಅಲ್ಲಿಂದ ಬರಬೇಕಾದ ಹಣ ಬರಲಿಲ್ಲ. ಈ ಅನ್ಯಾಯ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಳೆಹನಿ

ಕೊನೆಯ ಅಧ್ಯಾಯದ ಬಗ್ಗೆ ಎರಡು ಮಾತು. ಮುಗಿಸದವರು ಇದನ್ನು ದಾಟಿ ಮುಂದೆ ಹೋಗಿ.

ಆಕ್ಸ್‌ಫರ್ಡ್‌ನಿಂದ ವಾಪಸ್ ಹೊರಟಾಗ ಮಳೆ ಹಿಡಿಯುತ್ತದೆ. ಮೊದಲ ದಿನ ‘ಆಹಾ, ಮಳೆಯಲ್ಲೂ ನದಿ ಚೆಂದ’ ಎಂದು ಮೂವರೂ ಹಾಡು ಹೇಳುತ್ತಾರೆ. ರಾತ್ರಿ ಒದ್ದೆ ದೋಣಿಯಲ್ಲಿ ಇಸ್ಪೀಟು. ಜಾರ್ಜ್ ಬ್ಯಾಂಜೊ ನುಡಿಸಿದರೆ ಎಲ್ಲರಿಗೂ ಅಳು ಬರುತ್ತದೆ. ಎರಡನೇ ದಿನವೂ ಬಿಡದ ಮಳೆ. ‘ಎರಡು ವಾರ ಖುಷಿಪಡಲು ಬಂದಿದ್ದೇವೆ, ಪ್ರಾಣ ಹೋದರೂ ಎರಡು ವಾರ ಖುಷಿಪಟ್ಟೇ ಸಿದ್ಧ’ ಎಂಬ ಶಪಥ ಬೇರೆ.

ಆಮೇಲೆ ಒಬ್ಬ ಮೆಲ್ಲಗೆ, ಪ್ಯಾಂಗ್‌ಬರ್ನ್‌ನಿಂದ ಐದು ಗಂಟೆ ದಾಟಿದ ಮೇಲೆ ಒಂದು ರೈಲು ಇದೆ ಅನ್ನುತ್ತಾನೆ. ಯಾರೂ ಮಾತಾಡುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಪ್ರತಿಯೊಬ್ಬನ ಮನಸ್ಸಿನಲ್ಲಿರುವ ನಾಚಿಕೆಗೇಡಿನ ಆಸೆ ಉಳಿದಿಬ್ಬರ ಮುಖದಲ್ಲಿ ಕಾಣುತ್ತದೆ. ಇಪ್ಪತ್ತು ನಿಮಿಷದಲ್ಲಿ ಮೂವರು ಮತ್ತು ಒಂದು ನಾಯಿ ಕಳ್ಳರ ಹಾಗೆ ಸ್ಟೇಷನ್ ಕಡೆ ಹೆಜ್ಜೆ ಹಾಕುತ್ತಿರುತ್ತಾರೆ. ದೋಣಿಯನ್ನು ಯಾರ ವಶಕ್ಕೆ ಬಿಟ್ಟರೋ ಆ ಆಳಿಗೆ ‘ನಾಳೆ ಬೆಳಗ್ಗೆ ಒಂಬತ್ತಕ್ಕೆ ಸಿದ್ಧವಾಗಿ ಇಡು’ ಎಂದು ಸುಳ್ಳು. ಪ್ರಾಮಾಣಿಕವಾಗಿ ಬಿಟ್ಟು ಬಂದೆವು ಎನ್ನುವ ಧೈರ್ಯ ಮೂವರಿಗೂ ಇಲ್ಲ.

ಸಂಜೆಓದು ಅವರು ಮೊದಲು ಹೇಳಿದ್ದು ಇಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಇಡೀ ಪುಸ್ತಕದಲ್ಲಿ ಮೂವರೂ ಒಬ್ಬರನ್ನೊಬ್ಬರು ಬೈಯುತ್ತಾರೆ, ಕೆಲಸ ತಪ್ಪಿಸಿಕೊಳ್ಳುತ್ತಾರೆ. ಒಬ್ಬನೂ ಬಿಟ್ಟುಹೋಗುವುದಿಲ್ಲ. ಸೋಲುವಾಗಲೂ ಒಟ್ಟಿಗೇ ಸೋಲುತ್ತಾರೆ.

ಹಾಳೆಗುರುತು

ನದಿದಂಡೆ ಅವರ ಮಾತು ಕೇಳಿ ಮುಂದುವರಿಸಿದೆ, ಥ್ಯಾಂಕ್ಸ್. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬೇಲಿ ಚಕ್ರವ್ಯೂಹದ ಭಾಗ ಈಗಷ್ಟೇ ಮುಗಿಯಿತು. ಹ್ಯಾರಿಸ್ ‘ಹತ್ತು ನಿಮಿಷ ಸುತ್ತಿ ಊಟಕ್ಕೆ ಹೋಗೋಣ’ ಎಂದು ಒಳಗೆ ಹೋಗುತ್ತಾನೆ. ದಾರಿ ತಪ್ಪಿದವರೆಲ್ಲ ಅವನನ್ನು ನಂಬಿ ಹಿಂದೆ ಸೇರಿಕೊಳ್ಳುತ್ತಾರೆ. ಮಗು ಎತ್ತಿಕೊಂಡ ಹೆಂಗಸು ಅವನ ತೋಳನ್ನೇ ಹಿಡಿದುಕೊಳ್ಳುತ್ತಾಳೆ. ಎಲ್ಲಿಂದ ಹೊರಟರೂ ಮತ್ತೆ ನಡುಮಧ್ಯಕ್ಕೇ ಬರುತ್ತಾರೆ. ಬಿಡಿಸಲು ಬಂದ ಹೊಸ ಕಾವಲುಗಾರನೂ ಒಳಗೇ ಕಳೆದುಹೋಗುತ್ತಾನೆ! ಇಷ್ಟಾದ ಮೇಲೂ ಹ್ಯಾರಿಸ್‌ಗೆ ಮುಖಭಂಗವಿಲ್ಲ. ವಾಪಸ್ ಬರುವಾಗ ಜಾರ್ಜ್‌ನನ್ನು ಇದರೊಳಗೆ ಕಳಿಸೋಣ ಎಂದು ಯೋಜನೆ ಹಾಕುತ್ತಾನೆ. ಒಬ್ಬಳೇ ಕೂತು ಜೋರಾಗಿ ನಕ್ಕೆ.

ಇದರ ಮುಂದಿನ ಭಾಗವೂ ಇದೆಯಂತಲ್ಲ. ಓದಬಹುದಾ?

ನದಿದಂಡೆ

ಇದೆ. 1900ರಲ್ಲಿ ಬಂದ ‘ಥ್ರೀ ಮೆನ್ ಆನ್ ದ ಬಮ್ಮೆಲ್’. ಬಮ್ಮೆಲ್ ಎಂದರೆ ಜರ್ಮನ್ ಭಾಷೆಯಲ್ಲಿ ಸುಮ್ಮನೆ ಅಡ್ಡಾಡುವುದು. ಅದೇ ಮೂವರು, ಸೈಕಲ್ ಮೇಲೆ ಜರ್ಮನಿಯ ಕಪ್ಪುಕಾಡಿನ ಕಡೆ ಹೋಗುತ್ತಾರೆ. ನಾಯಿ ಇಲ್ಲ. ಹ್ಯಾರಿಸ್‌ಗೆ ಆಗಲೇ ಮದುವೆಯಾಗಿ ಮಕ್ಕಳಿವೆ. ಸೈಕಲ್ ಬಿಚ್ಚಿ ಸರಿಮಾಡಲು ಹೋಗುವ ಒಬ್ಬ ಮಹಾನುಭಾವ ಬರುತ್ತಾನೆ, ಅವನು ಅಂಕಲ್ ಪೊಡ್ಜರ್‌ಗೆ ಏನೂ ಕಡಿಮೆಯಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಇದು ಮೊದಲಿನಷ್ಟು ಗಟ್ಟಿಯಲ್ಲ. ರಸ್ತೆ ಎತ್ತ ಬೇಕಾದರೂ ಹೋಗುತ್ತದೆ, ನದಿಯ ಹಾಗೆ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವುದಿಲ್ಲ.

ಅದಕ್ಕೆ ಕೈಹಾಕುವ ಮುಂಚೆ ಇದನ್ನು ಮುಗಿಸಿ. ಹದಿನೇಳನೇ ಅಧ್ಯಾಯದಲ್ಲಿ ವಾಲಿಂಗ್‌ಫರ್ಡ್‌ನ ಒಂದು ಹೋಟೆಲು ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಮೀನು. ಬಂದವರೆಲ್ಲ ಅದನ್ನು ಹಿಡಿದದ್ದು ತಾನೇ ಅನ್ನುತ್ತಾರೆ. ಜಾರ್ಜ್ ಹತ್ತಿರದಿಂದ ನೋಡಲು ಕುರ್ಚಿ ಹತ್ತುತ್ತಾನೆ. ಮುಂದೇನಾಯಿತು ಎಂದು ನಾನು ಹೇಳುವುದಿಲ್ಲ. ಓದಿ, ಇಲ್ಲೇ ಬಂದು ಬರೆಯಿರಿ.